ಅಮ್ಮನಿಗೆ, ಮರಿಗಳ ಹೊಟ್ಟೆಯ ವಿಷಯವಾಗಿ

ಅಮ್ಮನಿಗೆ ನಮಸ್ಕಾರಗಳು.

ನಾವು ಕ್ಷೇಮ. ಅಪ್ಪ, ಅಜ್ಜಿ, ಪುಟ್ಟ ಎಲ್ಲರೂ ಆರಾಮ ಅಂದುಕೊಂಡಿದ್ದೇನೆ. ನಿನ್ನ ಪತ್ರ ಮೊನ್ನೆ ಬಂತು. ಫೋನಿನಲ್ಲಿ ಹೇಳೋಣ ಅಂದರೆ ನೀನು ಅಳಲು ಶುರು ಮಾಡುತ್ತೀಯ, ನಾನು ರೇಗುತ್ತೇನೆ, ಅಪ್ಪ ಫೋನ್ ಕಿತ್ತುಕೊಳ್ಳುತ್ತಾರೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಪೂರ್ತಿ ಓದು. ಅರ್ಧಕ್ಕೇ ಬಿಟ್ಟು ಚಿಕ್ಕಿಗೆ ಫೋನ್ ಮಾಡಬೇಡ.

ಮೊದಲೇ ಹೇಳಿಬಿಡುತ್ತೇನೆ. ನನಗೆ ಏನೂ ಆಗಿಲ್ಲ. ಕೂಸಿಗೂ ಏನೂ ಆಗಿಲ್ಲ, ಒಳಗೆ ಚೆನ್ನಾಗಿ ಒದೆಯುತ್ತಿದೆ. ಹೊಟ್ಟೆ ಕೆಟ್ಟಿದ್ದು ಬೆಕ್ಕಿನ ಮರಿಗಳಿಗೆ, ನನಗಲ್ಲ.

"ಎಲ್ಲಿಂದ ತಂದಿರೋ ಅಲ್ಲಿಗೇ ಬಿಟ್ಟು ಬನ್ನಿ" ಅಂತ ಮೂರು ಕಡೆ ಬರೆದಿದ್ದೀಯ. ಮೂರನೆಯದಕ್ಕೆ ಅಡಿಗೆರೆ ಬೇರೆ. ಬಸುರಿ ಮನೆಯಲ್ಲಿ ಬೇಧಿ ಮಾಡುವ ಬೆಕ್ಕು ಅಂದರೆ ನಿನಗೆ ಹೇಗಾಗಿರಬೇಡ, ಗೊತ್ತು. ಆದರೆ ಆಗಿದ್ದನ್ನು ಆಗಿದ್ದ ಹಾಗೇ ಕೇಳು.

ತಪ್ಪು ಮರಿಗಳದ್ದಲ್ಲ, ನಮ್ಮದು. ಅವುಗಳನ್ನು ಕೊಟ್ಟ ಪ್ರಾಣಿಗಳ ಆಶ್ರಮದವರು ಒಂದು ಸಣ್ಣ ಪೊಟ್ಟಣದಲ್ಲಿ ಅವು ತಿನ್ನುತ್ತಿದ್ದ ಆಹಾರವನ್ನೇ ಹಾಕಿ, ಜೊತೆಗೆ ಒಂದು ಚೀಟಿಯನ್ನೂ ಕೊಟ್ಟಿದ್ದರು. (ಅಂದ ಹಾಗೆ, ಮರಿ ಕೊಡುವ ಮೊದಲು ಅವರು ಕೇಳಿದಷ್ಟು ಪ್ರಶ್ನೆ ನನ್ನ ಕೆಲಸದ ಇಂಟರ್‌ವ್ಯೂನಲ್ಲೂ ಕೇಳಿರಲಿಲ್ಲ.) ಆಹಾರ ಬದಲಾಯಿಸುವುದಾದರೆ ಹಳೆಯದು ಮುಕ್ಕಾಲು, ಹೊಸದು ಕಾಲು ಅಂತ ಶುರು ಮಾಡಿ, ಆಮೇಲೆ ಅರ್ಧ ಅರ್ಧ ಮಾಡಿ, 7ರಿಂದ 10 ದಿನದಲ್ಲಿ ಪೂರ್ತಿ ಹೊಸದಕ್ಕೆ ಬನ್ನಿ ಅಂತ ಅದರಲ್ಲಿತ್ತು. ನಾವು ಚೀಟಿಯನ್ನು ಫ್ರಿಜ್ ಮೇಲೆ ಅಂಟಿಸಿದೆವು, ಓದಲಿಲ್ಲ. ಇವರು ಅಂಗಡಿಯಲ್ಲಿದ್ದ ಅತಿ ದುಬಾರಿ ಡಬ್ಬಿ ತಂದು ಮೊದಲ ದಿನವೇ ಬಟ್ಟಲು ತುಂಬಾ ಹಾಕಿದರು. ಎರಡನೇ ದಿನ ನಾನು ಹಾಲಿಟ್ಟೆ. ಬೆಕ್ಕು ಅಂದಮೇಲೆ ಹಾಲು ಅಲ್ವಾ?

ಅಲ್ಲವಂತೆ. ತಾಯಿಯ ಮೊಲೆ ಬಿಟ್ಟ ಮೇಲೆ ಮರಿಯ ಹೊಟ್ಟೆಯಲ್ಲಿ ಹಾಲಿನ ಸಕ್ಕರೆಯನ್ನು ಅರಗಿಸುವ ರಸ ಕಡಿಮೆಯಾಗುತ್ತಾ ಹೋಗುತ್ತದೆ. ಅರಗದ ಸಕ್ಕರೆ ಕರುಳಿಗೆ ನೀರು ಎಳೆದು ಬೇಧಿ ಮಾಡಿಸುತ್ತದೆ. ಕುಡಿಯೋದು ಮಾತ್ರ ಆಸೆಯಿಂದಲೇ ಕುಡಿಯುತ್ತವೆ. ಇದನ್ನು ಅಜ್ಜಿಗೆ ಹೇಳಬೇಡ, ನಂಬುವುದಿಲ್ಲ, ಸುಮ್ನೆ ವಾದ.

ಮೂರನೇ ದಿನ ಎರಡಕ್ಕೂ ಶುರುವಾಯಿತು. ಗುಂಡ ಹಳೆಯ ಆಹಾರಕ್ಕೆ ಬಂದು, ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ತಿಂದು, ಎರಡೇ ದಿನದಲ್ಲಿ ಸರಿಹೋದ. ಚುಕ್ಕಿಗೆ ನಿಲ್ಲಲಿಲ್ಲ. ಲೋಳೆ ಬಂತು, ಒಂದು ಬೆಳಿಗ್ಗೆ ರಕ್ತದ ಗೆರೆಯೂ ಕಾಣಿಸಿತು. ಆಗ ನಿಜಕ್ಕೂ ಹೆದರಿದೆ ಅಮ್ಮ. ಹತ್ತು ವಾರದ ಮರಿ, 900 ಗ್ರಾಂ ತೂಕ. ಅಷ್ಟು ಸಣ್ಣ ಮೈಯಲ್ಲಿ ಇರುವ ನೀರಾದರೂ ಎಷ್ಟು? ಕತ್ತಿನ ಹಿಂದಿನ ಚರ್ಮ ಎತ್ತಿ ಬಿಟ್ಟರೆ ತಕ್ಷಣ ಇಳಿಯಬೇಕು, ವಸಡು ಒದ್ದೆಯಾಗಿ ಜಾರಬೇಕು, ಅಂಟಂಟಾದರೆ ಮೈಯ ನೀರು ಹೋಗಿದೆ ಅಂತ ಅರ್ಥ. ಚುಕ್ಕಿಯ ವಸಡು ಅಂಟಂಟಾಗಿತ್ತು. ಇವರು ನಮ್ಮ ಔಷಧಿ ಡಬ್ಬಿ ತೆಗೆದರು, ನಾನು ಕಿತ್ತಿಟ್ಟೆ. ಒಳ್ಳೆಯದೇ ಆಯಿತು. ನಮ್ಮ ಬೇಧಿ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಮರಿಗೆ ಕೊಡುವ ಹಾಗಿಲ್ಲವಂತೆ, ಪ್ಯಾರಾಸಿಟಮಾಲ್ ಅಂತೂ ಬೆಕ್ಕಿಗೆ ವಿಷ.

ಡಾಕ್ಟರ ಹತ್ತಿರ ಹೋದ ಕಥೆ ಪುಟ್ಟನಿಗೆ ಓದಿ ಹೇಳು, ನಗಲಿ. ಬರುವಾಗ ಕಕ್ಕ ತನ್ನಿ ಅಂದರು, ತಾಜಾ ಇರಬೇಕಂತೆ. ಸಣ್ಣ ಡಬ್ಬಿಯಲ್ಲಿ ಹಾಕಿ, ಎರಡು ಕವರ್ ಸುತ್ತಿ, ಇವರು ಆಫೀಸ್ ಬ್ಯಾಗಿನಲ್ಲಿ ಇಟ್ಟುಕೊಂಡು ಬಂದರು. ಅಲ್ಲಿ ಗೋಡೆಯ ಮೇಲೆ ಕಕ್ಕದ ಚಿತ್ರಪಟ! 1 ಅಂದರೆ ಕಲ್ಲಿನ ಹಾಗೆ, 7 ಅಂದರೆ ಬರೀ ನೀರು. ಕೌಂಟರಿನ ಹುಡುಗಿ ಹೆಸರು ಕೇಳುವ ಮೊದಲು "ಎಷ್ಟನೇ ನಂಬರು?" ಅಂದಳು. ಇವರು ಪಟ ನೋಡಿ, ಪರೀಕ್ಷೆಯಲ್ಲಿ ಉತ್ತರ ಹೇಳುವವರ ಹಾಗೆ "ಆರು" ಅಂದರು. ಚುಕ್ಕಿಯ ಫೈಲಿನ ಮೇಲೆ ನಮ್ಮ ಮನೆತನದ ಹೆಸರನ್ನೇ ಬರೆದಿದ್ದಾರೆ. ಮಾವನವರಿಗೆ ಇನ್ನೂ ಹೇಳಿಲ್ಲ.

ಸೂಕ್ಷ್ಮದರ್ಶಕದಲ್ಲಿ ನೋಡಿ ಕಾಕ್ಸಿಡಿಯಾ ಅಂದರು. ಕರುಳಿನಲ್ಲಿ ಬೆಳೆಯುವ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ. ಬಹಳ ಮರಿಗಳಲ್ಲಿ ಇರುತ್ತದಂತೆ. ಹೊಸ ಮನೆ, ಹೊಸ ವಾಸನೆ, ತಾಯಿ ಇಲ್ಲ, ಅದರ ಮೇಲೆ ನಮ್ಮ ಡಬ್ಬಿ ಊಟ. ಮರಿ ಸೊರಗಿದಾಗ ಅದು ತಲೆಯೆತ್ತುತ್ತದೆ. ಬಾಯಿಗೆ ಹಾಕುವ ಔಷಧಿ ಕೊಟ್ಟರು, ಚರ್ಮದ ಕೆಳಗೆ ನೀರು ಏರಿಸಿದರು. ಜಂತುಹುಳುವಿಗೂ ಕೊಟ್ಟರು, ಅದು ತಾಯಿಯ ಹಾಲಿನಲ್ಲೇ ಮರಿಗೆ ಬಂದುಬಿಡುತ್ತದೆ.

ಈಗ ನಿನ್ನ ಭಯದ ವಿಷಯ. ಕಾಕ್ಸಿಡಿಯಾ ಅನ್ನುವ ಹೆಸರು ಇವರೇ ಚಿಕ್ಕಿಗೆ ಹೇಳಿದ್ದು. ಚಿಕ್ಕಿ ಎಲ್ಲೋ ಓದಿ, "ಬಸುರಿಯರಿಗೆ ಆಗದ ಆ ಟಾಕ್ಸೊಪ್ಲಾಸ್ಮಾ ಅದೇ ಜಾತಿದು" ಅಂತ ನಿನ್ನ ಕಿವಿಗೆ ಹಾಕಿದ್ದಾಳೆ. ದೊಡ್ಡ ಗುಂಪು ಒಂದೇ, ನಿಜ. ಆದರೆ ಚುಕ್ಕಿಗೆ ಬಂದಿರುವುದು ಬೆಕ್ಕಿನದ್ದೇ ಬೇರೆ ಬಗೆ, ಮನುಷ್ಯರಿಗೆ ಅಂಟುವುದಿಲ್ಲ. ಡಾಕ್ಟರು ಎರಡು ಸಲ ಹೇಳಿದರು, ನಾನು ಮೂರನೇ ಸಲ ಕೇಳಿದೆ.

ಆ ಇನ್ನೊಂದರ ಬಗ್ಗೆಯೂ ಕೇಳಿಕೊಂಡು ಬಂದಿದ್ದೇನೆ. ಬೆಕ್ಕಿಗೆ ಅದು ಹೆಚ್ಚಾಗಿ ಬರುವುದು ಇಲಿ, ಹಕ್ಕಿ ಹಿಡಿದು ತಿಂದರೆ, ಇಲ್ಲವೇ ಹಸಿ ಮಾಂಸದಿಂದ. ನಮ್ಮವು ಬಾಗಿಲು ದಾಟಿಲ್ಲ, ತಿನ್ನುವುದು ಡಬ್ಬಿಯದು. ಬಂದರೂ ಸಾಮಾನ್ಯವಾಗಿ ಜೀವಮಾನದಲ್ಲಿ ಒಂದು ಸಲ, ಒಂದೆರಡು ವಾರ ಮಾತ್ರ ಅದರ ಮೊಟ್ಟೆ ಮಲದಲ್ಲಿ ಹೋಗುತ್ತದೆ. ಆ ಮೊಟ್ಟೆ ಬಿದ್ದ ಕೂಡಲೇ ಅಂಟುವುದಿಲ್ಲ, 1ರಿಂದ 5 ದಿನ ಬೇಕು. ಅದಕ್ಕೇ ಮರಿಗಳು ಕಕ್ಕ ಮಾಡುವ ಟ್ರೇಯನ್ನು ದಿನವೂ ತೆಗೆಯಬೇಕು, ಅದೂ ಬಸುರಿ ಬಿಟ್ಟು ಬೇರೆಯವರು. ನಮ್ಮಲ್ಲಿ ಇವರು ದಿನಕ್ಕೆ ಮೂರು ಸಲ ತೆಗೆಯುತ್ತಾರೆ, ಟ್ರೇಗೆ ಕುದಿಯುವ ನೀರು ಹಾಕುತ್ತಾರೆ. ಮನುಷ್ಯರಿಗೆ ಸರಿಯಾಗಿ ಬೇಯದ ಮಾಂಸದಿಂದಲೂ, ಮಣ್ಣು ಹೋಗುವ ಹಾಗೆ ತೊಳೆಯದ ತರಕಾರಿಯಿಂದಲೂ ಬರುತ್ತದೆ. ಅದಕ್ಕೆ ಯಾರೂ ಅಡಿಗೆರೆ ಎಳೆದು ಪತ್ರ ಬರೆಯುವುದಿಲ್ಲ.

ನನಗೆ ಅದರ ರಕ್ತಪರೀಕ್ಷೆ ಮೂರನೇ ತಿಂಗಳಲ್ಲೇ ಆಗಿತ್ತು. ನೆಗೆಟಿವ್. ನೆಗೆಟಿವ್ ಅಂದರೆ ಒಳ್ಳೆಯದು ಅಂತ ಖುಷಿಪಟ್ಟೆ. "ಹಾಗಲ್ಲ, ಅದು ನಿನಗೆ ಯಾವತ್ತೂ ಬಂದಿಲ್ಲ, ಅದಕ್ಕೇ ನೀನು ಜಾಸ್ತಿ ಹುಷಾರಾಗಿರಬೇಕು" ಅಂದರು ನನ್ನ ಡಾಕ್ಟರು. ನೋಡು, ಇದನ್ನೂ ಮುಚ್ಚಿಡದೆ ಬರೆದಿದ್ದೇನೆ. ಹುಷಾರಾಗಿಯೇ ಇದ್ದೇನೆ. ಕೈ ತೊಳೆದು ತೊಳೆದು ಬೆರಳ ಚರ್ಮ ಸುಲಿದಿದೆ. ಮರಿಗಳಿಗೆ ಬೇರೆ ಕೋಣೆ, ಅಡುಗೆಮನೆಗೆ ಪ್ರವೇಶ ಇಲ್ಲ. ನನ್ನ ಡಾಕ್ಟರೂ ಬೆಕ್ಕನ್ನು ಮನೆಯಿಂದ ಕಳಿಸುವ ಅಗತ್ಯವಿಲ್ಲ ಅಂದಿದ್ದಾರೆ. ನೀನು ಸುಮ್ನೆ ರಾತ್ರಿ ಎದ್ದು ಕೂರಬೇಡ. ಎಲ್ಲ ಸರಿ ಇದೆ. ನಿಜವಾಗಲೂ ಸರಿ ಇದೆ.

ವಾಪಸ್ ಬಿಡುವ ಮಾತು ಮಾತ್ರ ಮತ್ತೆ ಬರೆಯಬೇಡ. ಜಾಗ ಬದಲಾಗಿ ಕಾಯಿಲೆ ಬಿದ್ದ ಮರಿಗೆ ಇನ್ನೊಂದು ಸಲ ಜಾಗ ಬದಲಿಸುವುದಾ? ನಾನು ಇಲ್ಲಿಗೆ ಬಂದ ಹೊಸದರಲ್ಲಿ ನನಗೂ ಎರಡು ವಾರ ಹೊಟ್ಟೆ ನಿಂತಿರಲಿಲ್ಲ. ನಿನಗೆ ಹೇಳಿರಲಿಲ್ಲ, ಅಷ್ಟೇ. ನನ್ನನ್ನು ಯಾರೂ ವಾಪಸ್ ಕಳಿಸಲಿಲ್ಲವಲ್ಲ.

ಚುಕ್ಕಿ ಈಗ ಪಟದ ಪ್ರಕಾರ ನಾಲ್ಕಕ್ಕೆ ಬಂದಿದ್ದಾಳೆ. ದಿನವೂ ಬೆಳಿಗ್ಗೆ ತೂಗುತ್ತೇವೆ, ಇವತ್ತು 980 ಗ್ರಾಂ. ವಾರಕ್ಕೆ ಹತ್ತಿರ ಹತ್ತಿರ 100 ಗ್ರಾಂ ಏರಬೇಕು, ಹಿಂದೆ ಬಿದ್ದಿದ್ದಾಳೆ, ಆದರೆ ಏರುತ್ತಿದ್ದಾಳೆ. ವಾಂತಿ ಇಲ್ಲ. ಗುಂಡನ ಬಟ್ಟಲಿಗೂ ಬಾಯಿ ಹಾಕಿ ಹೊಡೆಸಿಕೊಳ್ಳುತ್ತಾಳೆ. ವಾಂತಿಯಾದರೆ, ಊಟ ಬಿಟ್ಟರೆ, ಮೂಲೆ ಹಿಡಿದರೆ ಬೆಳಗಾಗುವುದನ್ನು ಕಾಯದೆ ಕರೆದುಕೊಂಡು ಬನ್ನಿ ಅಂದಿದ್ದಾರೆ. ಇನ್ನೊಂದು ಸಲ ಕಕ್ಕದ ಪರೀಕ್ಷೆ ಬಾಕಿ ಇದೆ.

ಒಂದು ವಿಷಯ ಉಳಿಯಿತು. ಹೋದ ವಾರ ಇವರು ಕೆಲಸದ ಮೇಲೆ ಎರಡು ದಿನ ಹೊರಗಿದ್ದರು. ಟ್ರೇ ನಾನೇ ತೆಗೆದೆ. ಗ್ಲೌಸ್ ಹಾಕಿಕೊಂಡಿದ್ದೆ, ಮಾಸ್ಕ್ ಕೂಡ. ಆಮೇಲೆ ಸ್ನಾನವನ್ನೂ ಮಾಡಿದೆ. ಡಾಕ್ಟರಿಗೆ ಹೇಳಿದ್ದೇನೆ, ಬೇಕಾದರೆ ಇನ್ನೊಂದು ರಕ್ತಪರೀಕ್ಷೆ ಮಾಡೋಣ ಅಂದರು, ಬರುವ ಮಂಗಳವಾರ. ಸುಮ್ನೆ ನನ್ನ ಸಮಾಧಾನಕ್ಕೆ ಅಷ್ಟೇ, ಬೇರೇನೂ ಇಲ್ಲ. ಅಪ್ಪನಿಗೆ ಹೇಳಬೇಡ. ಚಿಕ್ಕಿಗಂತೂ ಬೇಡವೇ ಬೇಡ.

ಟ್ರೇ ಕೆರೆಯುವ ಸದ್ದು ಬರುತ್ತಿದೆ, ಇವರನ್ನು ಎಬ್ಬಿಸಬೇಕು. ನಿನ್ನ ಮಾತ್ರೆ ತಪ್ಪಿಸಬೇಡ. ಅವಸರದಲ್ಲಿ ಮುಗಿಸುತ್ತಿದ್ದೇನೆ. ಮಂಗಳವಾರ ಫೋನ್ ಮಾಡುತ್ತೇನೆ, ನೀನಾಗಿ ಮಾಡಬೇಡ.

ನಿನ್ನ ಮಗಳು