ಜಾತಿ ಬೇರೆ, ಉಪಾಧಿ ಬೇರೆ

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ನ್ಯಾಯದರ್ಶನದ (ತರ್ಕಕ್ಕೆ ಹೆಸರಾದ ನಮ್ಮ ಹಳೆಯ ತತ್ತ್ವಶಾಸ್ತ್ರ) ಬಗ್ಗೆ ಬಂದ ಲೇಖನ ಓದಿದೆ. ಇಂಥ ವಿಷಯಕ್ಕೆ ಪತ್ರಿಕೆಯಲ್ಲಿ ಜಾಗ ಸಿಕ್ಕಿದ್ದೇ ಖುಷಿ. ಆದರೆ ‘ಜಾತಿ ಅಥವಾ ಉಪಾಧಿ’ ಎಂದು ಎರಡನ್ನೂ ಒಂದೇ ಮಾಡಿಬಿಟ್ಟಿದ್ದಾರೆ. ನೈಯಾಯಿಕರು, ಅಂದರೆ ನ್ಯಾಯದರ್ಶನದವರು, ಇದನ್ನು ಸುತರಾಂ ಒಪ್ಪುವುದಿಲ್ಲ. ಇಲ್ಲಿ ಜಾತಿ ಎಂದರೆ ನಾವು ದಿನಾ ಹೇಳುವ ಕುಲದ ಜಾತಿಯಲ್ಲ; ಒಂದೇ ಬಗೆಯ ಹಲವು ವಸ್ತುಗಳಲ್ಲಿ ಸಮಾನವಾಗಿ ನೆಲೆಸಿರುವ ಲಕ್ಷಣ.

ಎಲ್ಲ ಹಸುಗಳಲ್ಲೂ ಇರುವ ಗೋತ್ವ, ಅಂದರೆ ಹಸುತನ, ಒಂದೇ, ಅದು ನಿತ್ಯ. ಒಂದು ಹಸು ಸತ್ತರೆ ಗೋತ್ವ ಸಾಯುವುದಿಲ್ಲ. ಇದು ಜಾತಿ. ಹತ್ತು ಜನರನ್ನು ‘ಅಡುಗೆಯವರು’ ಎಂದು ಕರೆಯುವುದೂ ಹಾಗೇ ಅಲ್ವಾ ಎನ್ನಬಹುದು. ಅಲ್ಲ. ಅಡುಗೆ ಮಾಡುವ ಕೆಲಸ ಅವರನ್ನು ಒಂದು ಹೆಸರಿನಡಿ ತಂದಿದೆ, ಅಷ್ಟೇ. ಸೌಟು ಕೆಳಗಿಟ್ಟು ಬೇರೆ ಕಸುಬು ಹಿಡಿದರೆ ಆ ಹೆಸರೂ ಹೋಯಿತು. ಇದು ಉಪಾಧಿ.

ಯಾವುದು ಜಾತಿ ಆಗಲಾರದು ಎಂದು ತೀರ್ಮಾನಿಸಲು ನ್ಯಾಯದ ಪಂಡಿತ ಉದಯನಾಚಾರ್ಯರು ‘ಕಿರಣಾವಲಿ’ ಗ್ರಂಥದಲ್ಲಿ 6 ಬಾಧಕಗಳನ್ನು, ಅಂದರೆ ಅಡ್ಡಿಗಳನ್ನು, ಹೇಳಿದ್ದಾರೆ. ಆಕಾಶ ಇರುವುದೇ ಒಂದು, ಹಾಗಾಗಿ ಆಕಾಶತ್ವ ಜಾತಿಯಲ್ಲ. ಇದು ಸುಲಭ. ನನಗೆ ಜಾಸ್ತಿ ಇಷ್ಟವಾದದ್ದು ಸಂಕರ, ಅಂದರೆ ಬೆರಕೆ ಎಂಬ ಬಾಧಕ. ಭೂತಗಳು 5: ಪೃಥ್ವಿ, ನೀರು, ತೇಜಸ್ಸು, ಗಾಳಿ, ಆಕಾಶ. ಮೂರ್ತ, ಅಂದರೆ ಸೀಮಿತ ಗಾತ್ರದವು, ಅವೂ 5: ಮೊದಲ ನಾಲ್ಕು, ಜೊತೆಗೆ ಮನಸ್ಸು. ಆಕಾಶ ಭೂತ, ಮೂರ್ತವಲ್ಲ. ಮನಸ್ಸು ಮೂರ್ತ, ಭೂತವಲ್ಲ. ಉಳಿದ ನಾಲ್ಕು ಎರಡೂ ಹೌದು. ಹೀಗೆ ಅರ್ಧಂಬರ್ಧ ಬೆರೆತರೆ ಭೂತತ್ವವೂ ಜಾತಿಯಲ್ಲ, ಮೂರ್ತತ್ವವೂ ಅಲ್ಲ. ಜಾತಿ ಇನ್ನೊಂದು ಜಾತಿಯೊಳಗೆ ಪೂರ್ತಿ ಅಡಗಿರಬೇಕು, ಇಲ್ಲವೇ ಪೂರ್ತಿ ಹೊರಗಿರಬೇಕು.

ಇದು ಸುಮ್ನೆ ಪಂಡಿತರ ಜಗಳ ಅನ್ನಿಸಬಹುದು. ಆದರೆ ಬ್ರಾಹ್ಮಣತ್ವ ಗೋತ್ವದಂತೆ ನಿಜವಾದ ಜಾತಿಯೇ ಎಂಬ ಪ್ರಶ್ನೆಯೂ ಇಲ್ಲೇ ಎದ್ದಿತು. ವೇದವಾಕ್ಯಗಳ ಅರ್ಥವನ್ನು ವಿಚಾರಿಸುವ ಮೀಮಾಂಸಾ ದರ್ಶನದ ಕುಮಾರಿಲ ಭಟ್ಟರು ಹೌದು ಎಂದರು. ಅದೇ ಮೀಮಾಂಸೆಯ ಇನ್ನೊಂದು ಪಂಥದವರಾದ ಪ್ರಾಭಾಕರರು ಒಪ್ಪಲಿಲ್ಲ. ಹೊರಗಿನವರಲ್ಲ, ವೇದವನ್ನು ಪ್ರಮಾಣವೆಂದು ನಂಬಿದವರೇ ತಕರಾರು ತೆಗೆದರು ಎಂಬುದನ್ನು ಗಮನಿಸಬೇಕು. ಬೌದ್ಧರಂತೂ ಗೋತ್ವವನ್ನೇ ಒಪ್ಪದವರು.

ನಮ್ಮ ಉಡುಪಿಯ ಮಧ್ವಾಚಾರ್ಯರ ದಾರಿ ಇನ್ನೂ ಬೇರೆ. ಹಲವು ಹಸುಗಳಲ್ಲಿ ಒಂದೇ ಗೋತ್ವ ಎಂಬ ಮಾತೇ ಅವರ ಮತದಲ್ಲಿಲ್ಲ. ಒಂದೊಂದು ಹಸುವಿನ ಗೋತ್ವ ಅದರದರದೇ. ಅವುಗಳ ನಡುವೆ ಇರುವುದು ಹೋಲಿಕೆ ಮಾತ್ರ. ಲೇಖಕರು ಮುಂದಿನ ಸಲ ಇದನ್ನೂ ಬಿಡಿಸಿ ಬರೆದರೆ ಓದಲು ನಾನಂತೂ ಸಿದ್ಧ.

– ನಿವೃತ್ತ ಸಂಸ್ಕೃತ ಅಧ್ಯಾಪಕ, ಮೈಸೂರು