ಛದ್ಮವೇಷ ಮತ್ತು ಪದಕಗಳ ಬಗ್ಗೆ ಪೋಷಕರಿಗೆ ಪತ್ರ

ಆತ್ಮೀಯ ಪೋಷಕರೇ, ನಮಸ್ಕಾರ.

ನೌಕಾಪಡೆ ದಿನದ ಛದ್ಮವೇಷ ಸ್ಪರ್ಧೆ ಮುಗಿದ ಮೇಲೆ ವಾಟ್ಸ್ಆ್ಯಪ್ ಗ್ರೂಪಿಗೆ ಬಂದ ಮೆಸೇಜುಗಳನ್ನೆಲ್ಲ ಓದಿದ್ದೇನೆ. ಆಫೀಸಿಗೇ ಬಂದು ಮಾತಾಡಿದವರೂ ಇದ್ದಾರೆ. ಮಕ್ಕಳ ಎದೆಯ ಮೇಲಿದ್ದ ಪದಕಗಳನ್ನು ವೇದಿಕೆ ಹತ್ತುವ ಮೊದಲು ಟೀಚರ್ ಯಾಕೆ ತೆಗೆಸಿದರು ಎಂಬುದೇ ಎಲ್ಲರ ಪ್ರಶ್ನೆ. ಎರಡನೇ ತರಗತಿಯ ಮಗುವೊಂದು ಅತ್ತಿತು. ಅದು ನಮಗೂ ಬೇಸರದ ವಿಷಯವೇ. ಆದರೆ ಪದಕ ಬೇಡ ಎಂದು ಡೈರಿಯಲ್ಲಿ ಮೊದಲೇ ಬರೆಸಿದ್ದೆವು. ಟೀಚರ್ ಸುಮ್ನೆ ತಮ್ಮಷ್ಟಕ್ಕೆ ಮಾಡಿದ್ದಲ್ಲ, ಶಾಲೆಯ ತೀರ್ಮಾನದಂತೆ ಮಾಡಿದರು. ಅವರನ್ನು ದೂರಬೇಡಿ, ಏನಿದ್ದರೂ ನನ್ನನ್ನು ಕೇಳಿ.

ಯೂನಿಫಾರ್ಮಿಗೆ ನಮ್ಮ ತಕರಾರಿಲ್ಲ. ಕಾರವಾರದ ಮಕ್ಕಳಿಗೆ ಆ ಬಿಳಿ ಬಟ್ಟೆ ಹೊಸದೂ ಅಲ್ಲ. ಕದಂಬ ನೌಕಾನೆಲೆಯಲ್ಲಿ ಕೆಲಸ ಮಾಡುವವರ ಮಕ್ಕಳು ಪ್ರತಿ ತರಗತಿಯಲ್ಲೂ ಇದ್ದಾರೆ. ಟೋಪಿ, ಬೂಟು, ಸೆಲ್ಯೂಟು ಎಲ್ಲ ಇರಲಿ. ನಾವು ಬೇಡ ಎಂದಿದ್ದು ಪದಕಗಳನ್ನು ಮಾತ್ರ.

ಆ ದಿನ ಒಂದು ಮಗುವಿನ ನೌಕಾಪಡೆ ಯೂನಿಫಾರ್ಮಿನ ಮೇಲೆ ಪರಮವೀರ ಚಕ್ರ ಇತ್ತು. ಈವರೆಗೆ ಅದನ್ನು ಪಡೆದ 21 ಮಂದಿಯಲ್ಲಿ ನೌಕಾಪಡೆಯವರು ಒಬ್ಬರೂ ಇಲ್ಲ. ವೇಷದ ಬಟ್ಟೆ ಬಾಡಿಗೆಗೆ ಕೊಡುವ ಅಂಗಡಿಯವರಿಗೆ ಇದು ಗೊತ್ತಿರಬೇಕಿಲ್ಲ, ನಿಮಗೂ ಗೊತ್ತಿರಲೇಬೇಕು ಅಂತೇನಿಲ್ಲ. ಆದರೆ ಗೊತ್ತಿರುವ ಅಪ್ಪಂದಿರು ಮುಂದಿನ ಸಾಲಿನಲ್ಲೇ ಕೂತಿದ್ದರು!

ಜಾಸ್ತಿ ಕಂಡದ್ದು ಮಹಾವೀರ ಚಕ್ರ. ಅರ್ಧ ಬಿಳಿ, ಅರ್ಧ ಕೇಸರಿ ಪಟ್ಟಿಯಿಂದ ತೂಗುವ ಬೆಳ್ಳಿಯ ಪದಕ, ಮೇಲೆ ಐದು ಮೂಲೆಯ ನಕ್ಷತ್ರ. ಯುದ್ಧಕಾಲದ ಶೌರ್ಯಕ್ಕೆ ಕೊಡುವ ಪದಕಗಳಲ್ಲಿ ಪರಮವೀರ ಚಕ್ರದ ನಂತರ ಇದೇ ದೊಡ್ಡದು. ಇದನ್ನು ಪಡೆದ ಒಬ್ಬ ನೌಕಾ ಅಧಿಕಾರಿಯ ಬಗ್ಗೆ ದೊಡ್ಡ ಮಕ್ಕಳಿಗೆ ಅಂದೇ ಹೇಳಿದ್ದೆವು. ನಿಮಗೂ ಹೇಳಿದರೆ ನಮ್ಮ ಹಟ ಯಾಕೆಂದು ತಿಳಿದೀತು.

ಅವರು ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ, ಗೋರಖಪುರದವರು. 1971ರ ಯುದ್ಧದಲ್ಲಿ ಐಎನ್‌ಎಸ್ ಖುಕ್ರಿ ಎಂಬ ಯುದ್ಧನೌಕೆ ಅವರ ಕೈಕೆಳಗಿತ್ತು. ದಿಯು ಬಳಿಯ ಸಮುದ್ರದಲ್ಲಿ ಪಾಕಿಸ್ತಾನದ ಜಲಾಂತರ್ಗಾಮಿಯೊಂದನ್ನು ಹುಡುಕಲು ಖುಕ್ರಿ ಮತ್ತು ಕೃಪಾಣ್ ಹೋಗಿದ್ದವು. ಡಿಸೆಂಬರ್ 9ರ ರಾತ್ರಿ ಆ ಜಲಾಂತರ್ಗಾಮಿಯೇ, ಅದರ ಹೆಸರು ಹಂಗೋರ್, ಮೊದಲು ಹೊಡೆಯಿತು. ಕೃಪಾಣ್ ಕಡೆಗೆ ಬಿಟ್ಟ ಟಾರ್ಪೆಡೊ ಸಿಡಿಯಲಿಲ್ಲ. ಖುಕ್ರಿಯ ಕಡೆಗೆ ಬಿಟ್ಟದ್ದು ಸಿಡಿಯಿತು. ಕೆಲವೇ ನಿಮಿಷಗಳಲ್ಲಿ ಹಡಗು ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಹೋದರು.

ಮುಲ್ಲಾ ಅವರು ಹಡಗು ಬಿಡಿ ಎಂದು ಆಜ್ಞೆ ಕೊಟ್ಟರು. ತಮ್ಮ ಲೈಫ್ ಜಾಕೆಟ್ಟನ್ನು ಒಬ್ಬ ನಾವಿಕನಿಗೆ ಕೊಟ್ಟರು. ಆದಷ್ಟು ಜನರನ್ನು ಹೊರಗೆ ಕಳುಹಿಸಿ, ಇನ್ನೂ ಯಾರನ್ನಾದರೂ ಉಳಿಸಬಹುದೇ ಎಂದು ನೋಡಲು ಹಡಗಿನ ಬ್ರಿಡ್ಜ್‌ಗೆ, ಅಂದರೆ ಹಡಗನ್ನು ನಡೆಸುವ ಮೇಲಿನ ಕೋಣೆಗೆ, ವಾಪಸ್ ಹೋದರು. ಹಡಗಿನ ಜೊತೆಗೇ ಮುಳುಗಿದರು. ಆಗ ಅವರಿಗೆ 45 ವರ್ಷ. ಮಹಾವೀರ ಚಕ್ರ ಬಂದದ್ದು ಮರಣೋತ್ತರವಾಗಿ.

ಅಂದರೆ ಆ ಪದಕವನ್ನು ಅವರು ಒಮ್ಮೆಯೂ ಎದೆಗೆ ಹಾಕಿಕೊಳ್ಳಲಿಲ್ಲ. ನಿಮ್ಮ ಮಗು ಕ್ಯಾಪ್ಟನ್ ಮುಲ್ಲಾ ಆಗಿಯೇ ಬಂದರೂ ಆ ಪದಕ ಎದೆಯ ಮೇಲೆ ಇರಬಾರದು, ಅಲ್ವಾ?

"ಸಿನಿಮಾದಲ್ಲಿ ನಟರು ಹಾಕಿಕೊಳ್ಳಲ್ವಾ ಮೇಡಂ?" ಎಂದು ಒಬ್ಬ ತಂದೆ ಕೇಳಿದರು. ಹಾಕಿಕೊಳ್ಳುತ್ತಾರೆ. ಯಾರ ಪಾತ್ರ, ಯಾವ ಪದಕ ಎಂದು ವಿಚಾರಿಸಿ ಹಾಕಿಕೊಳ್ಳುತ್ತಾರೆ. ಏಳು ವರ್ಷದ ಮಗುವಿನಿಂದ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಆಸೆಪಟ್ಟು ಖರ್ಚು ಮಾಡಿ ಮಗುವನ್ನು ರೆಡಿ ಮಾಡಿದ್ದೀರಿ, ಯಾರೂ ಅಗೌರವ ಮಾಡಬೇಕೆಂದು ಕಳುಹಿಸಿಲ್ಲ. ಅದು ನಮಗೆ ಚೆನ್ನಾಗಿ ಗೊತ್ತು. ಪದಕ ತೆಗೆಸಿದ್ದರಿಂದ ಯಾರ ಅಂಕವೂ ಕಡಿಮೆಯಾಗಿಲ್ಲ. ಅಂದು ಅತ್ತ ಮಗುವಿಗೆ ಎರಡನೇ ಬಹುಮಾನ ಬಂದಿದೆ, ಪದಕವಿಲ್ಲದೆಯೇ.

ಆದರೂ ನಿಯಮ ಬದಲಾಗುವುದಿಲ್ಲ. ಪದಕದ ಬಗ್ಗೆ ಹೇಳಲೇಬೇಕು ಅನ್ನಿಸಿದರೆ ಮಗು ಅದರ ಚಿತ್ರ ಬರೆದು ಕೈಯಲ್ಲಿ ಹಿಡಿದುಕೊಂಡು ಬರಲಿ. ಯಾರಿಗೆ, ಯಾಕೆ ಸಿಕ್ಕಿತು ಎಂದು ಎರಡು ಮಾತು ಹೇಳಲಿ, ನಾವೇ ಮೈಕ್ ಕೊಡುತ್ತೇವೆ. ಮನೆಯಲ್ಲಿ ಅಜ್ಜನದೋ ಮಾವನದೋ ನಿಜವಾದ ಪದಕ ಇದ್ದರೆ ಮಕ್ಕಳ ಬ್ಯಾಗಿನಲ್ಲಿ ಮಾತ್ರ ಹಾಕಬೇಡಿ, ಕಳೆದರೆ ಯಾರು ಹೊಣೆ? ನೀವೇ ತಂದು ತೋರಿಸಿ, ತರಗತಿಗೊಂದು ಪೀರಿಯಡ್ ಕೊಡುತ್ತೇವೆ.

ಜನವರಿ 26ರಂದು ಮಗುವನ್ನು ಪದಕವಿಲ್ಲದ ಯೂನಿಫಾರ್ಮಿನಲ್ಲಿ ಕಳುಹಿಸಿ.

ಬಾಡಿಗೆ ಬಟ್ಟೆಗೆ ಪದಕ ಹೊಲಿದೇ ಬಂದಿದ್ದರೆ ಬಿಚ್ಚಲು ಹೋಗಿ ಬಟ್ಟೆ ಹರಿಯಬೇಡಿ. ಆಫೀಸಿನಲ್ಲಿ ತಿಳಿಸಿ, ಮೇಲೆ ಬಿಳಿ ಬಟ್ಟೆ ಪಿನ್ ಮಾಡಿ ಕೊಡುತ್ತೇವೆ.

ಇಂತಿ,
ಮುಖ್ಯೋಪಾಧ್ಯಾಯಿನಿ