ಗಣಿತದ ಬಳಗಕ್ಕೆ ಕಸೂತಿ ಹಾಕುವವರೂ ಬರಲಿ

ಸಂಪಾದಕರಿಗೆ,

ಮಾನ್ಯರೇ,

ನಾನು ಬಾಗಲಕೋಟೆ ಜಿಲ್ಲೆಯ ಇಳಕಲ್‌ನಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಕಲಿಸುತ್ತೇನೆ. ಕೆಲವು ವರ್ಷಗಳಿಂದ ನಾವೊಂದಿಷ್ಟು ಶಿಕ್ಷಕರು ಮತ್ತು ಮಕ್ಕಳು ಭಾನುವಾರ ಸಂಜೆ ಆನ್‌ಲೈನ್‌ನಲ್ಲಿ ಕೂಡುತ್ತೇವೆ. ಒಬ್ಬರು ಒಂದು ಲೆಕ್ಕ ಇಡುತ್ತಾರೆ, ಉಳಿದವರು ಬಿಡಿಸುತ್ತಾರೆ. ಎಲ್ಲವೂ ಕನ್ನಡದಲ್ಲೇ. ಬಾದಾಮಿ, ಹುನಗುಂದ, ಮುದ್ದೇಬಿಹಾಳ, ಗೋಕಾಕ ಹೀಗೆ ಮೂರು ಜಿಲ್ಲೆಯ ಮಕ್ಕಳು ಬರುತ್ತಾರೆ. ಈ ಬಳಗಕ್ಕೆ ವಿಜ್ಞಾನವನ್ನೂ ಕಲೆಯನ್ನೂ ಸೇರಿಸಿಕೊಳ್ಳಬೇಕೇ ಎಂಬ ಮಾತು ಈಗ ಎದ್ದಿದೆ. ಸೇರಿಸಿಕೊಳ್ಳಲೇಬೇಕು ಎನ್ನುವವರಲ್ಲಿ ನಾನೂ ಒಬ್ಬಳು. ನಮ್ಮ ಹಾಗೆಯೇ ಬಳಗ ಕಟ್ಟಿಕೊಂಡವರು ಬೇರೆ ಊರುಗಳಲ್ಲೂ ಇದ್ದಾರೆ. ಅದಕ್ಕೇ ಈ ಪತ್ರ.

ನಮ್ಮಲ್ಲಿ ಒಬ್ಬ ಹುಡುಗಿ ಇದ್ದಳು. ರೇಖಾಗಣಿತದಲ್ಲಿ ಬಲು ಚುರುಕು. ಎಸ್ಸೆಸ್ಸೆಲ್ಸಿ ಆದ ಮೇಲೆ ಪಿಯುಸಿಗೆ ಆರ್ಟ್ಸ್ ತೆಗೆದುಕೊಂಡಳು. ಅಲ್ಲಿಂದ ಬಳಗಕ್ಕೆ ಬರುವುದನ್ನೇ ಬಿಟ್ಟಳು. ಫೋನ್ ಮಾಡಿ ಕೇಳಿದೆ. "ಇನ್ನ ನಂಗ್ಯಾಕ್ರಿ ಅಕ್ಕೋರ, ನಾ ಆರ್ಟ್ಸ್ ಅಲ್ಲೇನ್ರಿ" ಅಂದಳು. ಹದಿನಾರು ವರ್ಷದ ಹುಡುಗಿಗೆ ಗಣಿತ ತನ್ನದಲ್ಲ ಅನ್ನಿಸಿಬಿಟ್ಟಿತ್ತು. ಹಾಗಂತ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ನಮ್ಮ ಬಳಗದ ಹೆಸರು, ನಾವು ಆಡುವ ಮಾತು, ಇಡುವ ಲೆಕ್ಕ, ಅವೇ ಹೇಳಿದ್ದವು.

ಆಮೇಲೆ ಒಂದು ದಿನ ಸೀರೆಗೆ ಕಸೂತಿ ಹಾಕಿಸಲು ಅವರ ಮನೆಗೇ ಹೋದೆ. ಅವಳ ತಾಯಿ ಗೋಪುರದ ಚಿತ್ತಾರ ಹಾಕುತ್ತಾ ಕೂತಿದ್ದರು. ಬಟ್ಟೆಯ ಮೇಲೆ ಪೆನ್ಸಿಲ್ ಗೆರೆ ಇಲ್ಲ, ಅಚ್ಚಿಲ್ಲ. ಎಳೆ ಎಣಿಸಿ ಎಣಿಸಿ ಸೂಜಿ ಇಳಿಸುವುದು, ಅಷ್ಟೇ. ಕಸೂತಿಯಲ್ಲಿ ಗವಂತಿ, ಮುರಗಿ, ನೇಗಿ, ಮೆಂತೆ ಅಂತ ನಾಲ್ಕು ಹೊಲಿಗೆ ಇವೆ. ಅವರು ಹಾಕುತ್ತಿದ್ದದ್ದು ಗವಂತಿ. ಬಟ್ಟೆ ತಿರುಗಿಸಿ ತೋರಿಸಿದರು. ಮೇಲೆ ಹೇಗಿತ್ತೋ ಕೆಳಗೂ ಹಾಗೇ ಇತ್ತು. ಗಂಟು ಎಲ್ಲೂ ಕಾಣಲಿಲ್ಲ. ದಾರ ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ. ತಿರುಗಿ ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಕೊನೆಗೆ ಸೂಜಿ ಹೊರಟಲ್ಲಿಗೇ ಬಂದು ನಿಲ್ಲುತ್ತದೆ.

ನಾನು ಇದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅದರೊಳಗಿನ ಗಣಿತ ಮಾತ್ರ ಆವತ್ತೇ ಕಂಡದ್ದು. ಕೋನಿಗ್ಸ್‌ಬರ್ಗ್ ಎಂಬ ಊರಿನಲ್ಲಿ ಏಳು ಸೇತುವೆ ಇದ್ದವು. ಒಂದೊಂದನ್ನೂ ಒಂದೇ ಸಲ ದಾಟಿ ಊರು ಸುತ್ತಲು ಆಗುತ್ತದಾ ಎಂಬ ಪ್ರಶ್ನೆಗೆ ಗಣಿತಜ್ಞ ಆಯ್ಲರ್ 1736ರಲ್ಲಿ ಉತ್ತರ ಬರೆದ. ಹೊರಟಲ್ಲಿಗೇ ಬಂದು ಸೇರಬೇಕಾದರೆ ಪ್ರತಿ ಜಾಗಕ್ಕೂ ಕೂಡುವ ದಾರಿಗಳು ಸಮ ಸಂಖ್ಯೆಯಲ್ಲಿರಬೇಕು. ಗವಂತಿಯಲ್ಲಿ ಪ್ರತಿ ಗೆರೆಯ ಮೇಲೂ ದಾರ ಎರಡು ಸಲ ಹೋಗುತ್ತದೆ. ಹಾಗಾಗಿ ಎಲ್ಲಾ ಕಡೆ ಸಮ ಸಂಖ್ಯೆಯೇ. ಇನ್ನು ಮೇಲೆ ಕೆಳಗೆ ಸರಿಯಾಗಿ ಬೀಳುವುದು ಹೇಗೆ? ಸೂಜಿ ಚುಚ್ಚುವ ತೂತುಗಳಿಗೆ ಚದುರಂಗದ ಮಣೆಯ ಹಾಗೆ ಒಂದು ಕಪ್ಪು, ಒಂದು ಬಿಳಿ ಬಣ್ಣ ಇದೆ ಅಂದುಕೊಳ್ಳಿ. ಅಡ್ಡ, ಉದ್ದ ಗೆರೆಗಳಷ್ಟೇ ಇದ್ದರೆ ಪ್ರತಿ ಹೊಲಿಗೆಯೂ ಕಪ್ಪಿಗೂ ಬಿಳಿಗೂ ನಡುವೆ ಇರುತ್ತದೆ. ಕಪ್ಪಿನಿಂದ ಬಿಳಿಗೆ ಹೋಗುವಾಗ ದಾರ ಮೇಲೆ, ಬಿಳಿಯಿಂದ ಕಪ್ಪಿಗೆ ಬರುವಾಗ ಕೆಳಗೆ. ಒಂದೊಂದು ಗೆರೆಯ ಮೇಲೂ ಹೋಗುವಾಗ ಒಂದು ದಿಕ್ಕು, ಬರುವಾಗ ಎದುರು ದಿಕ್ಕು ಹಿಡಿದರೆ ಸಾಕು, ಎರಡೂ ಬದಿ ತುಂಬುತ್ತವೆ.

ತಾಯಿ ಮಗಳು ಇಬ್ಬರನ್ನೂ ಒತ್ತಾಯ ಮಾಡಿ ಒಂದು ಭಾನುವಾರ ಬಳಗಕ್ಕೆ ಕರೆದೆ. ನಾನು ಈ ಕಪ್ಪು ಬಿಳುಪಿನ ಲೆಕ್ಕ ಹೇಳಿ ಮುಗಿಸಿದೆ. ಒಂಬತ್ತನೇ ಕ್ಲಾಸಿನ ಹುಡುಗ ಕೇಳಿದ: "ಓರೆ ಗೆರೆ ಬಂದ್ರ?" ಓರೆ ಗೆರೆ ಬಂದರೆ ಮಣೆಯ ಬಣ್ಣ ಕೆಡುತ್ತದೆ. ತ್ರಿಕೋನಕ್ಕೆ ಮೂರು ಬದಿ, ಬೆಸ ಸಂಖ್ಯೆ. ಮೇಲೆ, ಕೆಳಗೆ, ಮೇಲೆ ಅಂತ ಹೋದರೆ ಸುತ್ತು ಮುಗಿಯುವ ಹೊತ್ತಿಗೆ ಲೆಕ್ಕ ತಪ್ಪುತ್ತದೆ. ನನಗೆ ಆ ಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ಫೋನಿನ ಆ ಕಡೆಯಿಂದ ಆ ತಾಯಿ, "ಅಕ್ಕೋರ, ಒಂದ್ ಸುತ್ತು ಸಾಲೂದಿಲ್ರಿ. ಅದ ದಿಕ್ಕಿನಾಗ ಇನ್ನೊಂದ್ ಸುತ್ತು ಹೋಗ್ರಿ, ತಾನ ತುಂಬತೈತಿ" ಅಂದರು. ಸೂಜಿ ತೆಗೆದು ಹಾಕಿಯೂ ತೋರಿಸಿದರು. ಎರಡನೇ ಸುತ್ತಿಗೆ ಕೆಳಗೆ, ಮೇಲೆ, ಕೆಳಗೆ. ಮೂರು ಅನ್ನುವುದು ಬೆಸ ಸಂಖ್ಯೆ ಆಗಿರುವುದರಿಂದಲೇ ಅದು ತುಂಬಿಕೊಳ್ಳುತ್ತದೆ.

ನಾನು ಹೇಳಬೇಕೆಂದಿರುವುದು ಇದನ್ನೇ. ಕಸೂತಿಯನ್ನು ಗಣಿತಕ್ಕೆ ಉದಾಹರಣೆಯಾಗಿ ತಂದು ತೋರಿಸಿ ಕಳಿಸಿದರೆ ಏನೂ ಬದಲಾಗುವುದಿಲ್ಲ. ಕಸೂತಿ ಹಾಕುವವರೇ ಬಂದು ಕೂರಬೇಕು. ಪ್ರಶ್ನೆ ಕೇಳಬೇಕು, ಉತ್ತರ ಹೇಳಬೇಕು.

ವಿಜ್ಞಾನದ ಕಥೆಯೂ ಬೇರೆಯಲ್ಲ. ವಿಜಯಪುರದ ಒಬ್ಬ ಹುಡುಗ ಗೋಳಗುಮ್ಮಟದಲ್ಲಿ ಕೂಗಿದರೆ ಮಾತು ಯಾಕೆ ಅಷ್ಟು ಸಲ ಮರಳುತ್ತದೆ ಅಂತ ಕೇಳಿದ್ದ. "ಇದು ಗಣಿತ ಅಲ್ಲ, ಇಲ್ಲಿ ಬೇಡ" ಅಂತ ಹಿರಿಯರೊಬ್ಬರು ಬರೆದರು. ಪ್ರಶ್ನೆ ಅಲ್ಲೇ ಸತ್ತಿತು. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಎದುರು ಗೋಡೆಗೆ ತಾಗಿ ಮರಳಲು 76 ಮೀಟರ್, ಅಂದರೆ 0.22 ಸೆಕೆಂಡ್. 0.1 ಸೆಕೆಂಡಿಗಿಂತ ಜಾಸ್ತಿ ಅಂತರ ಇದ್ದರೆ ಕಿವಿಗೆ ಎರಡು ಶಬ್ದ ಬೇರೆ ಬೇರೆ ಕೇಳುತ್ತವೆ. ಇಲ್ಲಿ ಭಾಗಾಕಾರ ಇದೆ, ವೃತ್ತ ಇದೆ. ಅಷ್ಟು ದೊಡ್ಡ ಗುಮ್ಮಟವನ್ನು ಹೊತ್ತಿರುವ ಕಮಾನುಗಳನ್ನು ಕೆಳಗೆ ನಿಂತು ನೋಡಿ. ಒಂದರ ಮೇಲೊಂದು ತಿರುಗಿಸಿಟ್ಟ ಎರಡು ಚೌಕ ಕಾಣುತ್ತವೆ. ಇದನ್ನು ಗಣಿತ ಅಲ್ಲ ಅನ್ನುವುದು ಹೇಗೆ?

ಭಾಸ್ಕರಾಚಾರ್ಯರು ನಮ್ಮ ವಿಜಯಪುರದವರು ಎಂದು ನಂಬುವವರು ಬಹಳ. ಅವರು 1150ರಲ್ಲಿ ಬರೆದ ಲೀಲಾವತಿ ಇರುವುದೇ ಪದ್ಯದಲ್ಲಿ. ಗಾಯತ್ರಿ ಛಂದಸ್ಸಿನಲ್ಲಿ ಲಘು ಗುರು ಎಷ್ಟು ಬಗೆಯಲ್ಲಿ ಬರಬಹುದು ಅನ್ನುವುದೂ ಅದರಲ್ಲಿ ಒಂದು ಲೆಕ್ಕ. ಆ ಲೆಕ್ಕವನ್ನು ನಮ್ಮ ಕನ್ನಡ ಮೇಷ್ಟ್ರು ನನಗಿಂತ ಚೆನ್ನಾಗಿ ಹೇಳಬಲ್ಲರು.

ಬೇಡ ಅನ್ನುವವರ ಭಯ ನನಗೂ ಗೊತ್ತು. ಎಲ್ಲರೂ ಬಂದರೆ ಗದ್ದಲ ಆಗುತ್ತದೆ, ಶುಭೋದಯದ ಚಿತ್ರಗಳು ತುಂಬುತ್ತವೆ, ಪರೀಕ್ಷೆ ಹತ್ತಿರ ಬಂದಾಗ ಮಕ್ಕಳಿಗೆ ಲೆಕ್ಕ ಸಿಗುವುದಿಲ್ಲ. ಇದು ಸುಮ್ನೆ ಹೇಳುವ ಮಾತಲ್ಲ. ಇದಕ್ಕೆ ದಾರಿ ಬೇರೆಯವರು ಕಂಡುಕೊಂಡಿದ್ದಾರೆ. ಸಂಶೋಧನಾ ಲೇಖನಗಳನ್ನು ಬಿಟ್ಟಿಯಾಗಿ ಓದಲು ಕೊಡುವ ಆರ್ಕೈವ್ (arXiv) ಎಂಬ ಜಾಲತಾಣ 1991ರಲ್ಲಿ ಭೌತಶಾಸ್ತ್ರದವರಿಗಾಗಿ ಶುರುವಾದದ್ದು. ಆಮೇಲೆ ಗಣಿತ, ಕಂಪ್ಯೂಟರ್, ಜೀವಶಾಸ್ತ್ರ ಎಲ್ಲಾ ಸೇರಿದವು. ಒಂದೊಂದು ವಿಷಯಕ್ಕೂ ಬೇರೆ ವಿಭಾಗ ಇದೆ, ಬಂದದ್ದನ್ನು ನೋಡಿ ಒಳಗೆ ಬಿಡಲು ಆ ವಿಷಯ ಬಲ್ಲವರಿದ್ದಾರೆ. ನಾವೂ ಹಾಗೇ ಮಾಡಬಹುದು ಅಲ್ವಾ? ಭಾನುವಾರ ಗಣಿತಕ್ಕೇ ಇರಲಿ. ವಿಜ್ಞಾನಕ್ಕೆ ಒಂದು ದಿನ, ಕಲೆಗೆ ಒಂದು ದಿನ, ಆಯಾ ದಿನಕ್ಕೆ ಆಯಾ ವಿಷಯದವರೇ ಯಜಮಾನರು. ತಿಂಗಳಿಗೊಮ್ಮೆ ಎಲ್ಲರೂ ಒಟ್ಟಿಗೆ ಕೂಡೋಣ. ಏನೇ ತಂದರೂ ಅದರ ಜೊತೆ ಬಿಡಿಸಲು ಒಂದು ಪ್ರಶ್ನೆ ಇರಲಿ. ಇದೊಂದು ನಿಯಮ ಸಾಕು ಅನ್ನಿಸುತ್ತದೆ.

ವಿಜ್ಞಾನದ ಶಿಕ್ಷಕರು, ಡ್ರಾಯಿಂಗ್ ಮೇಷ್ಟ್ರು, ತಬಲಾ ಕಲಿಸುವವರು, ಮಗ್ಗದ ಮೇಲೆ ಕೂರುವವರು ತಮ್ಮೂರಿನ ಇಂಥ ಬಳಗಗಳಿಗೆ ಹೋಗಿ ಕೇಳಿ. ಗಣಿತದವರು ತಾವೇ ಹೋಗಿ ಅವರನ್ನು ಕರೆಯಲಿ. ನನ್ನ ಆ ಹುಡುಗಿ ಈಗ ಮತ್ತೆ ಬರುತ್ತಿದ್ದಾಳೆ. ಹೋದ ವಾರ ಅವಳೇ ಲೆಕ್ಕ ಇಟ್ಟಳು: ಎರಡು ತ್ರಿಕೋನಗಳಿಗೆ ನಡುವಿನ ಒಂದು ಬದಿ ಒಂದೇ. ಒಂದೇ ದಾರದಲ್ಲಿ, ಗಂಟು ಕಾಣದ ಹಾಗೆ, ಎರಡೂ ಬದಿ ಒಂದೇ ಥರ ಗವಂತಿ ಹಾಕಬೇಕು. ಸೂಜಿ ಎಲ್ಲಿಂದ ಹೊರಡಬೇಕು, ಯಾವ ದಾರಿ ಹಿಡಿಯಬೇಕು?

ಇಂತಿ,
ಒಬ್ಬ ಗಣಿತ ಶಿಕ್ಷಕಿ
ಇಳಕಲ್, ಬಾಗಲಕೋಟೆ ಜಿಲ್ಲೆ